ಎದೆ ಹೊಡೆದುಕೊಂಡಿತು ಅಂದರೆ ಭಯವೇ ಆಗಬೇಕೆಂದಿಲ್ಲ

"ನಿಮ್ಮ ಮೈ ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳಿ." ಈ ಸಲಹೆ ಈಗ ಎಲ್ಲೆಲ್ಲೂ ಸಿಗುತ್ತದೆ. ಯೋಗದ ತರಗತಿಯಲ್ಲಿ, ಧ್ಯಾನದ ಆ್ಯಪ್‌ನಲ್ಲಿ, ಆಫೀಸಿನವರು ಏರ್ಪಡಿಸುವ ಮಾನಸಿಕ ಆರೋಗ್ಯದ ಭಾಷಣದಲ್ಲಿ. ಕೇಳಲು ಹಿತವಾಗಿದೆ. ತಪ್ಪು ಅಂತಲೂ ಅಲ್ಲ. ಆದರೆ ನನಗೆ ಇದರ ಮೇಲೊಂದು ತಕರಾರಿದೆ. ಈ ಮಾತನ್ನು ಯಾರಿಗೆ ಹೇಳುತ್ತಿದ್ದೇವೆ ಅಂತ ಯಾರೂ ನೋಡುವುದೇ ಇಲ್ಲ.

ನನಗೆ ಗೊತ್ತಿರುವ ಇಬ್ಬರ ಬಗ್ಗೆ ಹೇಳುತ್ತೇನೆ. ಒಬ್ಬಳು ಗೆಳತಿ. ಅವಳಿಗೆ ತನ್ನ ಎದೆಬಡಿತ ಯಾವಾಗಲೂ ಕೇಳಿಸುತ್ತದೆ. ಮಲಗಿದಾಗ ದಿಂಬಿನಲ್ಲಿ, ಲಿಫ್ಟ್‌ನಲ್ಲಿ, ಸುಮ್ನೆ ಕೂತಿರುವಾಗಲೂ. ಒಂದು ಬಡಿತ ಸ್ವಲ್ಪ ಆಚೀಚೆ ಆದರೆ ಸಾಕು, ಅವಳ ಕೈಕಾಲು ತಣ್ಣಗಾಗುತ್ತವೆ. ಇನ್ನೊಬ್ಬ ನನ್ನ ಹಳೆಯ ಸಹೋದ್ಯೋಗಿ. ಮಧ್ಯಾಹ್ನದ ಊಟ ಬಿಟ್ಟಿದ್ದು ಅವನಿಗೆ ಸಂಜೆ ನೆನಪಾಗುತ್ತದೆ, ಅದೂ ಬೇರೆಯವರು ಕೇಳಿದಾಗ. ಮುಖ ಕೆಂಪಗಾಗಿ ಧ್ವನಿ ಏರಿದಾಗಲೂ "ನನಗೇನೂ ಕೋಪ ಇಲ್ಲ" ಅನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ.

ಈ ಇಬ್ಬರಿಗೂ "ಮೈಯ ಮಾತು ಕೇಳಿ" ಅಂದರೆ ಏನಾಗುತ್ತದೆ? ಅವನಿಗೆ ಉಪಯೋಗ ಆಗಬಹುದು. ಅವಳಿಗೆ ಹಾನಿಯೇ ಜಾಸ್ತಿ. ಅವಳು ಕೇಳಿಸಿಕೊಳ್ಳುವುದೇ ಅತಿಯಾಗಿದೆ ಅಲ್ವಾ?

ಈ ವಿಷಯದ ಬಗ್ಗೆ ಕೆಲವು ಕಾಲದಿಂದ ಓದುತ್ತಿದ್ದೇನೆ. ಓದಿದಷ್ಟೂ ಒಂದು ಸಂಗತಿ ಗಟ್ಟಿಯಾಗುತ್ತಾ ಹೋಗಿದೆ. ಮೈಯ ಸೂಚನೆ ಗೊತ್ತಾಗುವುದು ಒಂದು ಕೆಲಸ. ಅದಕ್ಕೆ ಅರ್ಥ ಕೊಡುವುದು ಇನ್ನೊಂದು ಕೆಲಸ. ಬಾಗಿಲು ಬಡಿದ ಸದ್ದು ಕೇಳಿಸುವುದು ಬೇರೆ, ಬಂದವರು ಯಾರು ಅಂತ ಗೊತ್ತಾಗುವುದು ಬೇರೆ. ಕೆಟ್ಟ ಭಾವನೆಗಳನ್ನು ನಿಭಾಯಿಸಲು ನೆರವಾಗುವುದು ಹೆಚ್ಚಾಗಿ ಎರಡನೆಯದು. ನಾವು ಸಲಹೆ ಕೊಡುವುದು ಮಾತ್ರ ಮೊದಲನೆಯದರ ಬಗ್ಗೆ.

ಮೈಯ ಒಳಗಿನಿಂದ ಬರುವ ಸೂಚನೆಗಳನ್ನು ಗ್ರಹಿಸುವ ಈ ಶಕ್ತಿಗೆ ವಿಜ್ಞಾನಿಗಳು ಇಂಟರೊಸೆಪ್ಶನ್ ಅನ್ನುತ್ತಾರೆ. ಈ ಪದದ ಬೇರು ಇರುವುದು 1906ರಲ್ಲಿ ಬ್ರಿಟಿಷ್ ಶರೀರ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ಮಾಡಿದ ಒಂದು ವಿಂಗಡಣೆಯಲ್ಲಿ. ಕಣ್ಣು, ಕಿವಿ ಹೊರಗಿನದನ್ನು ತಿಳಿಸುತ್ತವೆ. ಹೊಟ್ಟೆ, ಹೃದಯ, ಶ್ವಾಸಕೋಶ, ಮೂತ್ರಕೋಶ ಒಳಗಿನದನ್ನು ತಿಳಿಸುತ್ತವೆ. ಹಸಿವು, ಬಾಯಾರಿಕೆ, ಉಸಿರುಗಟ್ಟುವುದು, ಎದೆ ಡವಗುಟ್ಟುವುದು, ಮೈ ಬಿಸಿಯಾಗುವುದು, ಎಲ್ಲವೂ ಇದರಲ್ಲಿ ಬರುತ್ತವೆ.

ಮೆದುಳಿನಿಂದ ಹೊರಟು ಕುತ್ತಿಗೆ, ಎದೆ ದಾಟಿ ಹೊಟ್ಟೆಯವರೆಗೆ ಹೋಗುವ ವೇಗಸ್ ನರದ ಹೆಸರನ್ನು ಈಗೀಗ ತುಂಬಾ ಜನ ಕೇಳಿರುತ್ತಾರೆ. ಮೆದುಳು ಈ ನರದ ಮೂಲಕ ಮೈಗೆ ಅಪ್ಪಣೆ ಕೊಡುತ್ತದೆ ಅಂತಷ್ಟೇ ನಾನು ಅಂದುಕೊಂಡಿದ್ದೆ. ಅದರ ಎಳೆಗಳಲ್ಲಿ ಸುಮಾರು 80 ಶೇಕಡಾ ಓಡುವುದು ಎದುರು ದಿಕ್ಕಿನಲ್ಲಿ, ಮೈಯಿಂದ ಮೆದುಳಿಗೆ. ಅಂದರೆ ಅಪ್ಪಣೆಗಿಂತ ವರದಿಯೇ ಜಾಸ್ತಿ. ಈ ವರದಿಗಳು ಕೊನೆಗೆ ಬಂದು ಸೇರುವ ಮುಖ್ಯ ಜಾಗಗಳಲ್ಲಿ ಒಂದು ಇನ್ಸುಲಾ. ಮೆದುಳಿನ ಪಕ್ಕದ ಮಡಿಕೆಯೊಳಗೆ ಅವಿತುಕೊಂಡಿರುವ ಭಾಗ ಇದು. 2004ರಲ್ಲಿ ಹ್ಯೂಗೋ ಕ್ರಿಚ್ಲಿ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ತಮ್ಮ ಎದೆಬಡಿತವನ್ನು ಸರಿಯಾಗಿ ಗುರುತಿಸುವವರಲ್ಲಿ ಬಲಗಡೆಯ ಇನ್ಸುಲಾದ ಮುಂಭಾಗ ಹೆಚ್ಚು ಚುರುಕಾಗಿರುವುದು ಅವರಿಗೆ ಕಂಡಿತು.

ಇದಕ್ಕೂ ಭಾವನೆಗೂ ಏನು ಸಂಬಂಧ ಅನ್ನುವ ಜಗಳ ತುಂಬಾ ಹಳೆಯದು. 1884ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ನಮ್ಮ ಸಾಮಾನ್ಯ ತಿಳಿವಳಿಕೆಯನ್ನು ತಿರುಗಾಮುರುಗಾ ಮಾಡಿಬಿಟ್ಟರು. ಭಯ ಆದ್ದರಿಂದ ಮೈ ನಡುಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಜೇಮ್ಸ್ ಪ್ರಕಾರ ಮೊದಲು ಮೈ ಬದಲಾಗುತ್ತದೆ, ಆ ಬದಲಾವಣೆ ನಮಗೆ ತಿಳಿದುಬರುವುದನ್ನೇ ಭಯ ಅನ್ನುತ್ತೇವೆ. ಮರು ವರ್ಷ ಡೆನ್ಮಾರ್ಕಿನ ಕಾರ್ಲ್ ಲ್ಯಾಂಗೆ ತಮ್ಮದೇ ದಾರಿಯಲ್ಲಿ ಹೆಚ್ಚುಕಡಿಮೆ ಅದೇ ಮಾತಿಗೆ ಬಂದರು. 1927ರಲ್ಲಿ ಅಮೆರಿಕದ ಶರೀರ ವಿಜ್ಞಾನಿ ವಾಲ್ಟರ್ ಕ್ಯಾನನ್ ಇದನ್ನು ಒಪ್ಪಲಿಲ್ಲ. ಕೋಪ ಬಂದಾಗ ಆಗುವ ಬದಲಾವಣೆಗಳೇ ಭಯದಲ್ಲೂ ಆಗುತ್ತವೆ. ಜ್ವರ ಬಂದಾಗಲೂ, ವಿಪರೀತ ಚಳಿಯಲ್ಲೂ ಆಗುತ್ತವೆ. ಹಾಗಿದ್ದರೆ ಬರೀ ಮೈಯನ್ನು ನೋಡಿ ಯಾವ ಭಾವನೆ ಅಂತ ಹೇಗೆ ಹೇಳುತ್ತೀರಿ ಅನ್ನುವುದು ಅವರ ಪ್ರಶ್ನೆ.

ಒಳ್ಳೆಯ ಪ್ರಶ್ನೆ. ನೂರು ವರ್ಷ ಆಗುತ್ತಾ ಬಂದರೂ ಅದರ ಮೊನಚು ಹೋಗಿಲ್ಲ. ಇದಕ್ಕೆ ನಾನು ಓದಿದ ಅತ್ಯಂತ ಚಂದದ ಉತ್ತರ ಬಂದದ್ದು ಇಲಿಗಳಿಂದ.

2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಕಾರ್ಲ್ ಡೈಸೆರೋತ್ ಅವರ ಪ್ರಯೋಗಾಲಯದವರು ಇಲಿಗಳ ಹೃದಯದ ಸ್ನಾಯು ಬೆಳಕಿಗೆ ಸ್ಪಂದಿಸುವಂತೆ ಮಾಡಿದರು. ಇಲಿಗೊಂದು ಪುಟ್ಟ ಅಂಗಿ, ಅದರಲ್ಲಿ ಬೆಳಕಿನ ದೀಪ. ದೀಪ ಮಿನುಗಿದಾಗಲೆಲ್ಲ ಹೃದಯ ಬಡಿಯುತ್ತದೆ. ಹೀಗೆ ನಿಮಿಷಕ್ಕೆ 900 ಸಲ ಬಡಿಯುವಂತೆ ಮಾಡಿದರು. ಇಲಿಯ ಮಾಮೂಲಿ ವೇಗಕ್ಕಿಂತ ಇದು ಬಹಳ ಹೆಚ್ಚು. ಹೆದರಿಸುವ ವಸ್ತು ಯಾವುದೂ ಇಲ್ಲ, ಎದೆ ಮಾತ್ರ ಓಡುತ್ತಿದೆ. ಈಗ ಇಲಿಗೆ ಭಯ ಆಗುತ್ತದೋ ಇಲ್ಲವೋ?

ಅದು ಇಲಿ ಎಲ್ಲಿದೆ ಅನ್ನುವುದನ್ನು ಅವಲಂಬಿಸಿದೆ. ಅಪಾಯವಿಲ್ಲದ ಜಾಗದಲ್ಲಿ ಇಲಿ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಮರೆ ಇಲ್ಲದ ಬಯಲು ಜಾಗಕ್ಕೆ ಹೋಗಲು ಹಿಂಜರಿಯಿತು. ನೀರು ಸಿಗುವ ಗುಂಡಿಯನ್ನು ಒತ್ತಿದರೆ ಒಮ್ಮೊಮ್ಮೆ ಸಣ್ಣ ಶಾಕ್ ಹೊಡೆಯುತ್ತದೆ ಅಂತಿದ್ದಾಗ, ಗುಂಡಿಯ ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿತು. ಶಾಕ್ ಇಲ್ಲದಿದ್ದಾಗ ಎದೆ ಅಷ್ಟೇ ಜೋರಾಗಿ ಬಡಿಯುತ್ತಿದ್ದರೂ ಆರಾಮಾಗಿ ನೀರು ಕುಡಿಯಿತು. ಇನ್ಸುಲಾದ ಹಿಂಭಾಗವನ್ನು ತಡೆದಾಗ ಈ ಭಯ ಇಳಿಯಿತು.

ಅಂದರೆ ಜೇಮ್ಸ್ ಕೂಡ ಸರಿ, ಕ್ಯಾನನ್ ಕೂಡ ಸರಿ. ಎದೆಬಡಿತಕ್ಕೆ ಭಯ ಹುಟ್ಟಿಸುವ ಶಕ್ತಿ ಇದೆ. ಆದರೆ ಅದು ಒಂಟಿಯಾಗಿ ಹುಟ್ಟಿಸುವುದಿಲ್ಲ. ಸುತ್ತ ಏನಿದೆ ಅನ್ನುವುದನ್ನೂ ಸೇರಿಸಿಕೊಂಡು ಮೆದುಳು ಒಂದು ತೀರ್ಮಾನಕ್ಕೆ ಬರುತ್ತದೆ. ಮನುಷ್ಯರಲ್ಲೂ ಇದರ ಸುಳಿವು ಇದೆ. ಸಾರಾ ಗಾರ್ಫಿಂಕಲ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೆದರಿದ ಮುಖಗಳ ಚಿತ್ರಗಳನ್ನು ಎದೆಬಡಿತಕ್ಕೆ ಹೊಂದಿಸಿ ತೋರಿಸಿದರು. ಹೃದಯ ರಕ್ತವನ್ನು ಹೊರಗೆ ತಳ್ಳುವ ಗಳಿಗೆಯಲ್ಲಿ ಕಂಡ ಮುಖ, ಎರಡು ಬಡಿತಗಳ ನಡುವೆ ಕಂಡ ಮುಖಕ್ಕಿಂತ ಹೆಚ್ಚು ಭಯಗೊಂಡಂತೆ ಕಂಡಿತು. ಮುಖ ಅದೇ, ನೋಡಿದ ಗಳಿಗೆ ಬೇರೆ.

ಇನ್ನು ಈ ಶಕ್ತಿಯನ್ನು ಅಳೆಯುವುದು ಹೇಗೆ? ಬಹಳ ಬಳಕೆಯಲ್ಲಿರುವ ವಿಧಾನ 1981ರಲ್ಲಿ ರೈನರ್ ಶಾಂಡ್ರಿ ರೂಪಿಸಿದ್ದು. ನೀವೂ ಮಾಡಿ ನೋಡಬಹುದು. ನಾಡಿ ಮುಟ್ಟಬಾರದು, ಎದೆಯ ಮೇಲೆ ಕೈ ಇಡಬಾರದು. ಸುಮ್ನೆ ಕೂತು, ಅರ್ಧ ನಿಮಿಷ ಹೃದಯ ಎಷ್ಟು ಸಲ ಬಡಿಯಿತು ಅಂತ ಒಳಗಿಂದಲೇ ಎಣಿಸಬೇಕು. ಪಕ್ಕದಲ್ಲಿ ಯಂತ್ರ ನಿಜವಾದ ಲೆಕ್ಕ ಇಡುತ್ತದೆ. ಎರಡೂ ಎಷ್ಟು ಹತ್ತಿರ ಇವೆಯೋ ಅಷ್ಟು ನಿಮ್ಮ ಅಂಕ.

ನಾನು ಮಾಡಿ ನೋಡಿದಾಗ ನನಗೆ ಒಂದು ಬಡಿತವೂ ಖಚಿತವಾಗಿ ಗೊತ್ತಾಗಲಿಲ್ಲ. ಆದರೂ ಲೆಕ್ಕ ಹೇಳಬಹುದಿತ್ತು, ಯಾಕೆಂದರೆ ಕೂತಾಗ ನನ್ನ ಬಡಿತ ಎಷ್ಟಿರುತ್ತದೆ ಅಂತ ಗೊತ್ತಿದೆ. ಈ ಪರೀಕ್ಷೆಯ ಮೇಲಿರುವ ದೊಡ್ಡ ಆಕ್ಷೇಪವೂ ಅದೇ. ಪೇಸ್‌ಮೇಕರ್ ಹಾಕಿಸಿಕೊಂಡವರ ಬಡಿತದ ವೇಗವನ್ನು ಬದಲಿಸಿ ನೋಡಿದ್ದಾರೆ. ಅವರು ಹೇಳಿದ ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ. ಅಂದರೆ ಜನ ಎಣಿಸುವುದಕ್ಕಿಂತ ಅಂದಾಜು ಮಾಡುವುದೇ ಹೆಚ್ಚು. ಹಾಗಾಗಿ "ಎದೆಬಡಿತ ಚೆನ್ನಾಗಿ ಎಣಿಸುವವರು ಹೀಗೆ, ಎಣಿಸದವರು ಹಾಗೆ" ಎನ್ನುವ ಸುದ್ದಿ ಕಂಡಾಗ ನಾನು ಸ್ವಲ್ಪ ಹುಷಾರಾಗಿರುತ್ತೇನೆ.

ಈ ಗೊಂದಲವನ್ನು ಬಿಡಿಸಲು ಗಾರ್ಫಿಂಕಲ್ ಅವರೇ 2015ರಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆ ಮಾಡಿದರು. ನಿಜವಾಗಿಯೂ ಎಷ್ಟು ಸರಿಯಾಗಿ ಗ್ರಹಿಸುತ್ತೀರಿ ಅನ್ನುವುದು ಒಂದು. ನಾನು ಚೆನ್ನಾಗಿ ಗ್ರಹಿಸುತ್ತೇನೆ ಅಂತ ಎಷ್ಟು ನಂಬಿದ್ದೀರಿ ಅನ್ನುವುದು ಇನ್ನೊಂದು. ಆ ನಂಬಿಕೆ ನಿಜಕ್ಕೆ ಎಷ್ಟು ಹತ್ತಿರ ಇದೆ ಅನ್ನುವುದು ಮೂರನೆಯದು. ಇವು ಮೂರೂ ಒಟ್ಟಿಗೆ ಹೋಗಬೇಕೆಂದಿಲ್ಲ. ಇದಕ್ಕೆ ತಮಾಷೆಯ ಉದಾಹರಣೆ ಧ್ಯಾನ ಮಾಡುವವರದ್ದು. ಎಷ್ಟೋ ವರ್ಷ ಧ್ಯಾನ ಮಾಡಿದವರನ್ನು 2008ರ ಒಂದು ಅಧ್ಯಯನದಲ್ಲಿ ಪರೀಕ್ಷೆ ಮಾಡಿದರು. ಎದೆಬಡಿತ ಗುರುತಿಸುವುದರಲ್ಲಿ ಅವರು ಉಳಿದವರಿಗಿಂತ ಮೇಲೇನೂ ಇರಲಿಲ್ಲ. ಹಾಗಂತ ಧ್ಯಾನದಿಂದ ಪ್ರಯೋಜನ ಇಲ್ಲ ಅಂತ ಅಲ್ಲ. ಪ್ರಯೋಜನ ಇದ್ದರೆ ಅದು ಕಿವಿ ಚುರುಕಾಗಿದ್ದರಿಂದ ಬಂದದ್ದಲ್ಲ, ಬೇರೆ ಎಲ್ಲಿಂದಲೋ ಬಂದಿದೆ.

ಎಲ್ಲಿಂದ? ವೋಲ್ಫ್ ಮೇಲಿಂಗ್ ಮತ್ತು ಜೊತೆಗಾರರು 2012ರಲ್ಲಿ ತಯಾರಿಸಿದ ಪ್ರಶ್ನಾವಳಿಯಲ್ಲಿ ನನಗೆ ಇದರ ಸುಳಿವು ಸಿಕ್ಕಿತು. ಅವರು ಮೈಯ ಅರಿವನ್ನು 8 ಭಾಗ ಮಾಡಿದ್ದಾರೆ. ಸೂಚನೆ ಗಮನಕ್ಕೆ ಬರುವುದು ಅದರಲ್ಲಿ ಒಂದು ಭಾಗ ಅಷ್ಟೆ. ನೋವು, ಕಿರಿಕಿರಿ ಕಂಡಾಗ ಗಾಬರಿಯಾಗದೆ ಇರುವುದು ಬೇರೆ ಭಾಗ. ನನ್ನ ಮೈ ನನಗೆ ಸುರಕ್ಷಿತ ಜಾಗ, ಅದನ್ನು ನಂಬಬಹುದು ಅನ್ನುವ ಭಾವ ಮತ್ತೊಂದು. ಹೊಸದೇನೂ ಅಲ್ಲ ಅನ್ನಿಸಬಹುದು. ಆದರೆ ಹೀಗೆ ಬಿಡಿಸಿದ ಕೂಡಲೇ ನನ್ನ ಗೆಳತಿಯ ಪಾಡು ಅರ್ಥವಾಗುತ್ತದೆ. ಗಮನಿಸುವುದರಲ್ಲಿ ಅವಳಿಗೆ ಪೂರ್ತಿ ಅಂಕ. ಗಾಬರಿಯಾಗದಿರುವುದರಲ್ಲಿ, ನಂಬಿಕೆಯಲ್ಲಿ ಸೊನ್ನೆ. ಅವಳಿಗೆ ಇನ್ನಷ್ಟು ಗಮನಿಸು ಅನ್ನುವುದು ಎಂಥ ಸಲಹೆ!

ಅವಳಿಗೆ ಇರುವುದು ಪ್ಯಾನಿಕ್. ಇದ್ದಕ್ಕಿದ್ದಂತೆ ಎದೆ ಡವಡವ, ಉಸಿರು ಸಾಲದು, ಬೆರಳ ತುದಿ ಜುಮುಜುಮು, ಈಗಲೇ ಸತ್ತುಹೋಗುತ್ತೇನೆ ಅನ್ನುವ ಖಾತ್ರಿ. ಆಸ್ಪತ್ರೆಗೆ ಓಡುತ್ತಾರೆ, ಇಸಿಜಿ ತೆಗೆಯುತ್ತಾರೆ, ಏನೂ ಇಲ್ಲ ಅಂತ ಮನೆಗೆ ಕಳಿಸುತ್ತಾರೆ. 1986ರಲ್ಲಿ ಆಕ್ಸ್‌ಫರ್ಡ್‌ನ ಡೇವಿಡ್ ಕ್ಲಾರ್ಕ್ ಇದರ ಒಳಗಿನ ಸುತ್ತನ್ನು ಬಿಡಿಸಿ ತೋರಿಸಿದರು. ಮೆಟ್ಟಿಲು ಹತ್ತಿದ್ದಕ್ಕೋ ಕಾಫಿ ಕುಡಿದದ್ದಕ್ಕೋ ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. "ಹಾರ್ಟ್ ಅಟ್ಯಾಕ್ ಇರಬಹುದಾ?" ಅನ್ನುವ ಯೋಚನೆ ಬರುತ್ತದೆ. ಆ ಯೋಚನೆಗೆ ಭಯ ಆಗುತ್ತದೆ. ಭಯಕ್ಕೆ ಎದೆ ಇನ್ನೂ ಜೋರಾಗುತ್ತದೆ. "ನೋಡಿದೆಯಾ, ಹೆಚ್ಚಾಯಿತು" ಅಂತ ಮನಸ್ಸಿಗೆ ಸಾಕ್ಷಿ ಸಿಗುತ್ತದೆ. ಜೋರುಜೋರಾಗಿ ಉಸಿರಾಡತೊಡಗುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ತಲೆ ಸುತ್ತು, ಬೆರಳುಗಳಲ್ಲಿ ಜುಮುಜುಮು. ಇನ್ನೊಂದು ಸಾಕ್ಷಿ. ಇಲ್ಲಿ ಮೈ ಕೊಟ್ಟ ಸೂಚನೆ ನಿಜವೇ. ಎದೆ ನಿಜವಾಗಿಯೂ ಜೋರಾಗಿ ಬಡಿಯುತ್ತಿತ್ತು. ಅದರ ಅರ್ಥ ಮಾತ್ರ ತಪ್ಪು.

ಇದಕ್ಕೆ ಕೊಡುವ ಚಿಕಿತ್ಸೆಯ ಒಂದು ಭಾಗ ಕೇಳಿದಾಗ ನನಗೆ ನಗು ಬಂದಿತ್ತು. ಕುರ್ಚಿಯಲ್ಲಿ ಕೂರಿಸಿ ಗಿರಗಿರ ತಿರುಗಿಸುತ್ತಾರೆ. ಸಣ್ಣ ಸ್ಟ್ರಾದಲ್ಲಿ ಮಾತ್ರ ಉಸಿರಾಡಿ ಅನ್ನುತ್ತಾರೆ. ನಿಂತಲ್ಲೇ ಓಡಿಸುತ್ತಾರೆ. ಬೇಕೆಂದೇ ಜೋರಾಗಿ ಉಸಿರಾಡಿಸುತ್ತಾರೆ. ಯಾವ ಅನುಭವಕ್ಕೆ ಹೆದರುತ್ತಾರೋ ಅದನ್ನೇ ಕೈಯಾರೆ ತಂದುಕೊಳ್ಳುವುದು. ಡೇವಿಡ್ ಬಾರ್ಲೋ ಮುಂತಾದವರು ಬೆಳೆಸಿದ ಈ ವಿಧಾನ ಪ್ಯಾನಿಕ್‌ಗೆ ಇರುವ ಒಳ್ಳೆಯ ಚಿಕಿತ್ಸೆಗಳಲ್ಲಿ ಒಂದು. ತಲೆ ಸುತ್ತುತ್ತದೆ, ಎದೆ ಓಡುತ್ತದೆ, ಏನೂ ಆಗುವುದಿಲ್ಲ, ತಾನಾಗಿಯೇ ಇಳಿಯುತ್ತದೆ. ಮತ್ತೆ ಮಾಡುತ್ತಾರೆ, ಮತ್ತೆ ಇಳಿಯುತ್ತದೆ. ಸೂಚನೆಯನ್ನು ಅಡಗಿಸುವ ಕೆಲಸ ಇಲ್ಲಿ ನಡೆಯುವುದೇ ಇಲ್ಲ. ಅದಕ್ಕೆ ಅಂಟಿಕೊಂಡಿದ್ದ ಅರ್ಥವನ್ನು ಕಿತ್ತುಹಾಕುವುದಷ್ಟೇ ಕೆಲಸ. ಗೆಳತಿ ಇದನ್ನು ಒಬ್ಬ ಮನಶ್ಶಾಸ್ತ್ರಜ್ಞರ ಹತ್ತಿರ ಮಾಡಿದಳು. ಎದೆಬಡಿತ ಈಗಲೂ ಅವಳಿಗೆ ಕೇಳಿಸುತ್ತದೆ. "ಕೇಳಿಸಿದರೆ ಕೇಳಿಸಲಿ ಬಿಡು" ಅನ್ನುತ್ತಾಳೆ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎದೆ ಹೊಡೆದುಕೊಳ್ಳುವುದೆಲ್ಲ ಮನಸ್ಸಿನದ್ದೇ ಅಲ್ಲ. ಥೈರಾಯ್ಡ್ ಹೆಚ್ಚಾದರೆ, ರಕ್ತಹೀನತೆ ಇದ್ದರೆ, ಹೃದಯದ ಲಯ ತಪ್ಪಿದ್ದರೆ ಕೂಡ ಹೀಗೇ ಆಗುತ್ತದೆ. ಮೊದಲ ಸಲ ಆದಾಗ ಡಾಕ್ಟರ ಹತ್ತಿರ ಹೋಗಲೇಬೇಕು. ಎದೆನೋವು, ಪ್ರಜ್ಞೆ ತಪ್ಪುವುದು ಇದ್ದರಂತೂ ತಡ ಮಾಡಬಾರದು. ಬ್ಲಾಗ್ ಓದಿ ತೀರ್ಮಾನ ಮಾಡುವ ವಿಷಯ ಇದಲ್ಲ.)

ಕೈಗೆ ಕಟ್ಟುವ ಸ್ಮಾರ್ಟ್‌ವಾಚ್ ಬಗ್ಗೆಯೂ ನನಗೆ ಇದೇ ಅನುಮಾನ. ಬಡಿತ ಎಷ್ಟು ಅಂತ ಅದು ಹೇಳುತ್ತದೆ. ಕೆಲವು ವಾಚುಗಳು "ನಿಮಗೆ ಒತ್ತಡ ಜಾಸ್ತಿ ಇದೆ" ಅಂತಲೂ ಹೇಳುತ್ತವೆ. ಪಾಪ, ವಾಚಿಗೆ ಏನು ಗೊತ್ತು? ನಾನು ಮೆಟ್ಟಿಲು ಹತ್ತಿದೆನೋ, ಒಳ್ಳೆಯ ಸುದ್ದಿ ಕೇಳಿದೆನೋ, ಜಗಳ ಆಡಿದೆನೋ! ಗಾಬರಿಯ ಸ್ವಭಾವ ಇರುವವರು ಅದನ್ನು ಬಿಚ್ಚಿಡುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಈಗ ಆ ಇನ್ನೊಬ್ಬನ ಕಡೆ ಬರೋಣ. ತನ್ನ ಭಾವನೆಯನ್ನು ಗುರುತಿಸಲು, ಹೇಳಲು ಆಗದ ಸ್ವಭಾವಕ್ಕೆ 1970ರ ದಶಕದ ಆರಂಭದಲ್ಲಿ ಪೀಟರ್ ಸಿಫ್ನಿಯೋಸ್ ಅಲೆಕ್ಸಿಥೈಮಿಯಾ ಎಂದು ಹೆಸರಿಟ್ಟರು. ಇದೊಂದು ರೋಗ ಅಲ್ಲ. ಸುಮಾರು 10 ಜನರಲ್ಲಿ ಒಬ್ಬರಲ್ಲಿ ಇದು ಎದ್ದು ಕಾಣುವಷ್ಟಿರುತ್ತದೆ ಅನ್ನುತ್ತಾರೆ. ಇಂಥವರಲ್ಲಿ ಕೆಲವರಿಗೆ ಹಸಿವು, ಸುಸ್ತು, ಕೋಪ, ಬೇಸರ ಎಲ್ಲ ಕಲಸಿಕೊಂಡು ಬರುತ್ತವೆ. "ಏನೋ ಒಂಥರಾ ಆಗ್ತಿದೆ" ಅನ್ನುವುದಷ್ಟೇ ಗೊತ್ತು. ಏನಾಗುತ್ತಿದೆ ಅಂತ ಗೊತ್ತಿಲ್ಲದಿದ್ದರೆ ಏನು ಮಾಡಬೇಕು ಅಂತಲೂ ಗೊತ್ತಾಗುವುದಿಲ್ಲ. ಊಟ ಮಾಡಬೇಕೋ, ಮಲಗಬೇಕೋ, ಹೋಗಿ ಮಾತಾಡಬೇಕೋ?

ಇಷ್ಟು ತೀವ್ರವಾಗಿ ಅಲ್ಲದಿದ್ದರೂ ನಮಗೆಲ್ಲ ಇದು ಆಗುತ್ತದೆ. ಜೆನಿಫರ್ ಮಕಾರ್ಮ್ಯಾಕ್ ಮತ್ತು ಕ್ರಿಸ್ಟನ್ ಲಿಂಡ್‌ಕ್ವಿಸ್ಟ್ ಹಸಿವಿನ ಬಗ್ಗೆ 2019ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ಹಸಿದವರನ್ನೂ ಉಂಡವರನ್ನೂ ಕರೆದು ಬೇಸರದ ಕೆಲಸ ಕೊಟ್ಟರು. ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಕೆಟ್ಟುಹೋಗುವಂತೆ ಮೊದಲೇ ಏರ್ಪಾಡು ಮಾಡಿದ್ದರು. ಮೇಲ್ವಿಚಾರಕರು ಬಂದು "ನೀವೇ ಏನೋ ಒತ್ತಿದ್ದೀರಿ" ಅಂತ ದೂರಿದರು. ಆಮೇಲೆ ಮೇಲ್ವಿಚಾರಕರ ಬಗ್ಗೆ ಅಭಿಪ್ರಾಯ ಕೇಳಿದಾಗ ಹಸಿದವರು ಹೆಚ್ಚು ಕಟುವಾಗಿದ್ದರು. ಇದು ಊಹಿಸಬಹುದಾದದ್ದೇ. ಆದರೆ ಹಸಿದವರಲ್ಲೂ ಒಂದು ಗುಂಪು ಹಾಗೆ ಸಿಡುಕಲಿಲ್ಲ. ಅದಕ್ಕೂ ಮೊದಲು ಒಂದು ಚಿತ್ರ ತೋರಿಸಿ, ಅದರಲ್ಲಿರುವವರ ಭಾವನೆಗಳ ಬಗ್ಗೆ ಬರೆಯಲು ಈ ಗುಂಪಿಗೆ ಹೇಳಿದ್ದರು. ಭಾವನೆಗಳ ಕಡೆ ಸ್ವಲ್ಪ ಗಮನ ತಿರುಗಿದ್ದೇ ಸಾಕಾಯಿತು. ಹೊಟ್ಟೆಯ ಸಂಕಟವನ್ನು ಎದುರಿನ ಮನುಷ್ಯನ ತಲೆಗೆ ಕಟ್ಟುವುದು ತಪ್ಪಿತು.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ದಿನನಿತ್ಯಕ್ಕೆ ಉಪಯೋಗ ಆಗಿರುವುದು ಇದೇ. ಕೋಪ ನನ್ನ ತಲೆಗೆ ಬರುವ ಮೊದಲು ದವಡೆಗೆ ಬರುತ್ತದೆ. ಹಲ್ಲು ಕಚ್ಚಿಕೊಂಡಿರುತ್ತೇನೆ. ಆಮೇಲೆ ಕಿವಿ ಬಿಸಿಯಾಗುತ್ತದೆ, ಆಮೇಲೆ ಧ್ವನಿ. ಧ್ವನಿ ಏರಿದ ಮೇಲೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ದವಡೆಯ ಹಂತದಲ್ಲಿ ಗೊತ್ತಾದರೆ ಇನ್ನೂ ಸ್ವಲ್ಪ ಜಾಗ ಇರುತ್ತದೆ. ಉತ್ತರ ಬರೆಯುವುದನ್ನು ನಾಳೆಗೆ ಇಡಬಹುದು. ಎದ್ದು ನೀರು ಕುಡಿದು ಬರಬಹುದು. ಎದುರಿನವರು ಹೇಳಿದ್ದಕ್ಕೆ ಬೇರೆ ಅರ್ಥ ಇರಬಹುದಾ ಅಂತ ಯೋಚಿಸಬಹುದು.

ಜೇಮ್ಸ್ ಗ್ರಾಸ್ ಅನ್ನುವ ಮನಶ್ಶಾಸ್ತ್ರಜ್ಞ 1990ರ ದಶಕದಿಂದ ಹೇಳುತ್ತಾ ಬಂದಿರುವುದೂ ಹೀಗೆಯೇ ಇದೆ. ಭಾವನೆ ಒಮ್ಮೆಲೇ ಬಂದು ಬೀಳುವುದಿಲ್ಲ, ಹಂತ ಹಂತವಾಗಿ ಕಟ್ಟಿಕೊಳ್ಳುತ್ತದೆ. ಶುರುವಿನಲ್ಲಿ ಮಧ್ಯೆ ಬಂದರೆ, ಅಂದರೆ ಸನ್ನಿವೇಶವನ್ನು ಬೇರೆ ರೀತಿ ನೋಡಿದರೆ, ಕೆಲಸ ಸುಲಭ. ಪೂರ್ತಿ ಕಟ್ಟಿಕೊಂಡ ಮೇಲೆ ಮುಖದಲ್ಲಿ ಕಾಣದಂತೆ ಅದುಮಿಟ್ಟರೆ ಬೆಲೆ ತೆರಬೇಕಾಗುತ್ತದೆ. 1993ರಲ್ಲಿ ಅವರು ಮತ್ತು ರಾಬರ್ಟ್ ಲೆವೆನ್ಸನ್ ಅಸಹ್ಯ ಹುಟ್ಟಿಸುವ ದೃಶ್ಯಗಳನ್ನು ಜನರಿಗೆ ತೋರಿಸಿ, ಕೆಲವರಿಗೆ ಮುಖದಲ್ಲಿ ಏನೂ ತೋರಿಸಬೇಡಿ ಅಂದರು. ಅವರ ಮುಖ ಶಾಂತವಾಗಿತ್ತು. ಒಳಗೆ ಅಸಹ್ಯ ಒಂದಿಷ್ಟೂ ಕಡಿಮೆ ಆಗಿರಲಿಲ್ಲ. ಅಂಗೈ ಬೆವರು, ರಕ್ತನಾಳಗಳ ಬಿಗಿತ ಉಳಿದವರಿಗಿಂತ ಹೆಚ್ಚಾಗಿತ್ತು. ಹಲ್ಲು ಕಚ್ಚಿ ಸಹಿಸಿಕೊಂಡವರನ್ನು ನಾವು ಹೊಗಳುತ್ತೇವೆ. ಅವರ ಮೈ ಅದನ್ನು ಸಹಿಸಿಕೊಂಡಿರುವುದಿಲ್ಲ.

ಮೈಯ ಸೂಚನೆ ಬೇಗ ಸಿಕ್ಕಿದರೆ ಬೇರೆ ರೀತಿ ನೋಡುವುದು ಸುಲಭ ಆಗುತ್ತದೆಯೇ? 2013ರಲ್ಲಿ ಓಲ್ಗಾ ಪೊಲ್ಲಾಟೋಸ್ ಮತ್ತಿತರರು ಇದನ್ನು ನೋಡಿದರು. ಅಹಿತಕರ ಚಿತ್ರ ತೋರಿಸಿ, ಅದನ್ನು ಬೇರೆ ಅರ್ಥದಲ್ಲಿ ನೋಡಲು ಪ್ರಯತ್ನಿಸಿ ಅಂದಾಗ, ಎದೆಬಡಿತದ ಪರೀಕ್ಷೆಯಲ್ಲಿ ಮುಂದಿದ್ದವರ ಕಳವಳ ಹೆಚ್ಚು ಇಳಿಯಿತು. ಆ ಪರೀಕ್ಷೆಯ ಬಗ್ಗೆ ನಾನು ಮೇಲೆ ಹೇಳಿದ ಅನುಮಾನ ಇಲ್ಲಿಗೂ ಅನ್ವಯಿಸುತ್ತದೆ. ಆದರೂ ದಿಕ್ಕು ಸರಿ ಇದೆ ಅನ್ನಿಸುತ್ತದೆ.

ಅರ್ಥ ಬದಲಿಸುವುದು ಅಂದರೆ ಎಲ್ಲದಕ್ಕೂ ಒಳ್ಳೆಯ ಮುಖ ಹುಡುಕುವುದು ಅಂತ ತಿಳಿಯಬೇಡಿ. ನನಗೆ ಇಷ್ಟವಾದ ಪ್ರಯೋಗ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅವರದ್ದು, 2014ರದ್ದು. ಎಲ್ಲರೆದುರು ಹಾಡಬೇಕು, ಭಾಷಣ ಮಾಡಬೇಕು, ಕಷ್ಟದ ಲೆಕ್ಕ ಬಿಡಿಸಬೇಕು. ಮೊದಲು ಕೆಲವರು "ನಾನು ಶಾಂತವಾಗಿದ್ದೇನೆ" ಅಂದುಕೊಂಡರು, ಕೆಲವರು "ನನಗೆ ಉತ್ಸಾಹ ಬಂದಿದೆ" ಅಂದುಕೊಂಡರು. ಚೆನ್ನಾಗಿ ಮಾಡಿದ್ದು ಎರಡನೆಯವರು. ಎದೆ ಓಡುತ್ತಿರುವಾಗ ಶಾಂತವಾಗಿದ್ದೇನೆ ಅಂದರೆ ಮೈಯೇ ಅದನ್ನು ಸುಳ್ಳು ಅನ್ನುತ್ತದೆ. ಉತ್ಸಾಹಕ್ಕೂ ಎದೆ ಓಡುತ್ತದೆ, ಹಾಗಾಗಿ ಆ ಮಾತು ಒಪ್ಪುವುದು ಸುಲಭ. ಬಡಿತ ಇಳಿಸುವ ಗೋಜಿಗೆ ಹೋಗದೆ ಅದರ ಹೆಸರನ್ನಷ್ಟೇ ಬದಲಿಸಿದರು.

ಹೆಸರು ಇಡುವುದಕ್ಕೂ ಬಲ ಇದೆ. 2012ರಲ್ಲಿ ಜೇಡಕ್ಕೆ ಹೆದರುವವರನ್ನು ಇಟ್ಟುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಒಂದು ಅಧ್ಯಯನ ಮಾಡಿದರು. ದೊಡ್ಡ ಜೇಡದ ಹತ್ತಿರ ಹೋಗಬೇಕು. ಒಂದು ಗುಂಪು ತಮಗೆ ಆಗುತ್ತಿರುವ ಭಯವನ್ನು ಇದ್ದಹಾಗೆ ಬಾಯಿಬಿಟ್ಟು ಹೇಳಿತು. ಇನ್ನೊಂದು ಗುಂಪು "ಇದೇನು ಮಾಡುತ್ತೆ, ಪುಟ್ಟ ಪ್ರಾಣಿ" ಎನ್ನುವಂಥ ಸಮಾಧಾನದ ಮಾತು ಹೇಳಿಕೊಂಡಿತು. ಮತ್ತೊಂದು ಗುಂಪು ಬೇರೆ ವಿಷಯ ಮಾತಾಡಿತು. ವಾರದ ನಂತರ ಮತ್ತೆ ಜೇಡದ ಮುಂದೆ ನಿಲ್ಲಿಸಿದಾಗ ಅಂಗೈ ಬೆವರು ಹೆಚ್ಚು ಇಳಿದಿದ್ದು ಭಯವನ್ನು ಹೇಳಿದವರಲ್ಲಿ. ವಿಚಿತ್ರ ಅಂದರೆ, ಭಯ ಎಷ್ಟಿದೆ ಅಂತ ಕೇಳಿದರೆ ಅವರೂ ಉಳಿದವರಷ್ಟೇ ಹೇಳಿದರು. ಮನಸ್ಸಿಗಿಂತ ಮೊದಲು ಮೈಗೆ ಗೊತ್ತಾಗಿತ್ತು.

ಉಸಿರಿನ ಬಗ್ಗೆ ತುಂಬಾ ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಉಸಿರು ಎಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಅದಕ್ಕೇ ನಿಧಾನವಾಗಿ, ಉದ್ದವಾಗಿ ಉಸಿರು ಬಿಟ್ಟರೆ ಹಿತ ಅನ್ನಿಸುವುದು. ನಿಮಿಷಕ್ಕೆ ಸುಮಾರು 6 ಉಸಿರಿನ ವೇಗದಲ್ಲಿ ಈ ಏರಿಳಿತ ಚೆನ್ನಾಗಿ ಕಾಣುತ್ತದೆ. ಆದರೆ ಕೆಲವರಿಗೆ ಉಸಿರನ್ನು ಗಮನಿಸುವುದೇ ಗಾಬರಿ ತರುತ್ತದೆ. ಮೈಗೆ ಪೆಟ್ಟು ಬಿದ್ದ, ದೌರ್ಜನ್ಯ ಅನುಭವಿಸಿದ ನೆನಪು ಇರುವವರಿಗೆ ಕಣ್ಣುಮುಚ್ಚಿ ತಲೆಯಿಂದ ಕಾಲಿನವರೆಗೆ ಮೈಯನ್ನು ಗಮನಿಸುವುದು ಹಿಂಸೆ ಆಗಬಹುದು. ಆ ಅಭ್ಯಾಸ ಮಾಡಿಸುವ ಎಲ್ಲರಿಗೂ ಇದು ಗೊತ್ತಿರುವುದಿಲ್ಲ. ಅಂಥವರು ಕಣ್ಣು ಬಿಟ್ಟುಕೊಂಡು, ಕಾಲು ನೆಲಕ್ಕೆ ತಾಗುವುದನ್ನು, ಕೋಣೆಯ ಸದ್ದುಗಳನ್ನು ಗಮನಿಸಿದರೆ ಸಾಕು. ಸರಿಹೋಗದಿದ್ದರೆ ಎದ್ದು ಬರುವ ಹಕ್ಕು ಎಲ್ಲರಿಗೂ ಇದೆ.

ಕೇಳುವ ಮತ್ತು ಅರ್ಥ ಮಾಡುವ ಎರಡೂ ಕೆಲಸವನ್ನು ಒಟ್ಟಿಗೆ ಕಲಿಸಬಹುದೇ? ಬ್ರಿಟನ್ನಿನಲ್ಲಿ ಆತಂಕ ಹೆಚ್ಚಿರುವ ಆಟಿಸಂ ಇರುವ 121 ವಯಸ್ಕರ ಮೇಲೆ ಕ್ರಿಚ್ಲಿ, ಗಾರ್ಫಿಂಕಲ್ ಅವರ ತಂಡ ಒಂದು ಪ್ರಯೋಗ ಮಾಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಎದೆಬಡಿತವನ್ನು ಗುರುತಿಸಲು ಹೇಳುವುದು, ಪ್ರತಿ ಸಲ ಸರಿಯೋ ತಪ್ಪೋ ಹೇಳುವುದು, ನಡುವೆ ಸ್ವಲ್ಪ ವ್ಯಾಯಾಮ ಮಾಡಿಸಿ ಬಡಿತ ಸುಲಭವಾಗಿ ಗೊತ್ತಾಗುವಂತೆ ಮಾಡುವುದು. 3 ತಿಂಗಳ ನಂತರ ಈ ತರಬೇತಿ ಪಡೆದವರಲ್ಲಿ 31 ಶೇಕಡಾ ಜನ ಆತಂಕದ ಕಾಯಿಲೆಯಿಂದ ಹೊರಬಂದಿದ್ದರು. ಬೇರೆ ತರಬೇತಿ ಪಡೆದವರಲ್ಲಿ 16 ಶೇಕಡಾ. ಅಲ್ಲಿ ಕಲಿಸಿದ್ದು ಜಾಸ್ತಿ ಗಮನಿಸುವುದನ್ನಲ್ಲ, ಸರಿಯಾಗಿ ಗಮನಿಸುವುದನ್ನು. ತನ್ನ ಅಂದಾಜಿಗೂ ನಿಜಕ್ಕೂ ಇರುವ ಅಂತರ ಕಡಿಮೆಯಾಗಬೇಕು ಅನ್ನುವುದೇ ಅದರ ಗುರಿ.

ಇಷ್ಟು ಹೊತ್ತು ಭಯ, ಕೋಪದ ಬಗ್ಗೆಯೇ ಬರೆದೆ. ದುಃಖ, ಖಿನ್ನತೆ ಈ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ಫಿನ್‌ಲ್ಯಾಂಡಿನ ಲೌರಿ ನುಮ್ಮೆನ್ಮಾ ಮತ್ತು ಜೊತೆಗಾರರು 2014ರಲ್ಲಿ 701 ಜನರ ಹತ್ತಿರ ಮೈಯ ಚಿತ್ರಕ್ಕೆ ಬಣ್ಣ ಹಚ್ಚಿಸಿದರು. ಯಾವ ಭಾವನೆಯಲ್ಲಿ ಮೈಯ ಯಾವ ಭಾಗ ಚುರುಕಾಗುತ್ತದೆ, ಯಾವುದು ಮಂಕಾಗುತ್ತದೆ ಅಂತ. ಕೋಪದಲ್ಲಿ ಎದೆ, ತೋಳು ಉರಿಯುವ ಬಣ್ಣಕ್ಕೆ ಬಂದವು. ದುಃಖದಲ್ಲಿ ಕೈಕಾಲು ಮಂಕಾದವು. ಖಿನ್ನತೆಯಲ್ಲಿ ಕೈಕಾಲು ಮಾತ್ರವಲ್ಲ, ಬಹಳ ಕಡೆ ಬಣ್ಣವೇ ಆರಿಹೋಗಿತ್ತು.

ಖಿನ್ನತೆಯಲ್ಲಿ ಮೈ ಹೇಳುವುದು ಸ್ಪಷ್ಟವಾಗಿಯೇ ಇರುತ್ತದೆ. ಮಲಗು, ಏಳಬೇಡ, ಯಾರನ್ನೂ ನೋಡಬೇಡ. ಆ ಮಾತು ಕೇಳಿದಷ್ಟೂ ಹಾಸಿಗೆ ಹಿಡಿಯುತ್ತಾರೆ. ಹಾಗಾಗಿ ಇದಕ್ಕಿರುವ ಒಂದು ಚಿಕಿತ್ಸೆ ನಾವು ಮಾತಾಡುತ್ತಿದ್ದ ಎಲ್ಲದಕ್ಕೂ ತಲೆಕೆಳಗು. ಬಿಹೇವಿಯರಲ್ ಆಕ್ಟಿವೇಶನ್ ಅನ್ನುತ್ತಾರೆ. ಮನಸ್ಸು ಬಂದ ಮೇಲೆ ಮಾಡೋಣ ಅನ್ನುವುದಿಲ್ಲ. ಮೊದಲು ಸಣ್ಣ ಕೆಲಸ ಒಂದನ್ನು ಮಾಡುವುದು, ಮನಸ್ಸು ಆಮೇಲೆ ಬಂದರೆ ಬರಲಿ. 2016ರಲ್ಲಿ ಬ್ರಿಟನ್ನಿನಲ್ಲಿ 440 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಅಷ್ಟು ಅನುಭವ ಇಲ್ಲದ ಆರೋಗ್ಯ ಕಾರ್ಯಕರ್ತರು ಕೊಟ್ಟ ಈ ಚಿಕಿತ್ಸೆ, ನುರಿತ ಚಿಕಿತ್ಸಕರು ಕೊಡುವ ಸಿಬಿಟಿಗಿಂತ (ಯೋಚನೆ, ನಡವಳಿಕೆ ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಹಿಂದೆ ಬೀಳಲಿಲ್ಲ.

ಹಾಗಾದರೆ ಇಲ್ಲಿ ಗಮನಿಸುವುದಕ್ಕೆ ಜಾಗವೇ ಇಲ್ಲವಾ? ಇದೆ, ಆದರೆ ಕೆಲಸ ಮಾಡುವ ಮುಂಚೆ ಮಾತ್ರವಲ್ಲ, ಮಾಡಿದ ಮೇಲೂ. ಕೆಲವು ಚಿಕಿತ್ಸಕರು ಒಂದು ಹಾಳೆ ಕೊಡುತ್ತಾರೆ. ಹೊರಗೆ ನಡೆದು ಬರುವುದು, ಒಬ್ಬರಿಗೆ ಫೋನ್ ಮಾಡುವುದು, ಹೀಗೆ ಒಂದು ಕೆಲಸ. ಅದರ ಪಕ್ಕದಲ್ಲಿ, ಇದನ್ನು ಮಾಡಿದರೆ ಎಷ್ಟು ಹಿತ ಆಗಬಹುದು ಅಂತ ಮುಂಚೆಯೇ ಒಂದು ಅಂಕ ಬರೆಯಬೇಕು. ಮಾಡಿ ಬಂದ ಮೇಲೆ ನಿಜವಾಗಿ ಎಷ್ಟಾಯಿತು ಅಂತ ಇನ್ನೊಂದು ಅಂಕ. ಖಿನ್ನತೆ ಇರುವವರು ಮೊದಲನೆಯದನ್ನು ಸಾಮಾನ್ಯವಾಗಿ ತೀರಾ ಕಡಿಮೆ ಬರೆಯುತ್ತಾರೆ. ಮುಂದಿನ ಭೇಟಿಯಲ್ಲಿ ಮಾತು ಶುರುವಾಗುವುದು ಆ ಎರಡು ಅಂಕಗಳ ನಡುವಿನ ವ್ಯತ್ಯಾಸದಿಂದ.